ಆ ನಾಲ್ಕು ಸೆಕೆಂಡು

ಬಳ್ಳಾರಿಯಲ್ಲಿ ಕೌನ್ಸೆಲಿಂಗ್ ಶುರು ಮಾಡಿ ಎರಡು ವರ್ಷ ಆಯಿತು. ಮೊದಲ ಎಂಟು ತಿಂಗಳು ನನ್ನ ಕೆಲಸವನ್ನು ಯಾರೂ ನೋಡಲಿಲ್ಲ. ಓದಿದ್ದೇನಲ್ಲ, ಸಾಕು ಅಂದುಕೊಂಡಿದ್ದೆ. ಈಗ ಹದಿನೈದು ದಿನಕ್ಕೊಮ್ಮೆ ಹಿರಿಯ ಥೆರಪಿಸ್ಟ್ ಒಬ್ಬರ ಜೊತೆ ವಿಡಿಯೋ ಕಾಲ್‌ನಲ್ಲಿ ಸೂಪರ್‌ವಿಷನ್‌ಗೆ ಕೂರುತ್ತೇನೆ, ಅಂದರೆ ನನ್ನ ಸೆಷನ್‌ಗಳನ್ನು ಅವರ ಮುಂದಿಟ್ಟು ಮಾತಾಡುತ್ತೇನೆ. ಮೇಲ್ವಿಚಾರಣೆ ಅಂದರೆ ತಪ್ಪು ಹುಡುಕೋಕೆ ಬಂದ ಸಾಹೇಬರು ನೆನಪಾಗ್ತಾರೆ ಅಲ್ವಾ, ಇದು ಹಾಗಲ್ಲ.

ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಬರುತ್ತಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಅವರ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡಿದ್ದೆ. ನೋಟ್ಸ್‌ನಲ್ಲಿ "ಆತಂಕ, ನಿದ್ರಾಹೀನತೆ" ಅಂತಿತ್ತು. "ಅವರು ಹೇಳಿದ್ದು ಇದೇ ಮಾತಾ?" ಅಂತ ಮೇಡಂ ಕೇಳಿದರು. ಅಲ್ಲ. ಅವರು ಹೇಳಿದ್ದು, "ಎದಿ ಮ್ಯಾಲ ಕಲ್ಲಿಟ್ಟಂಗ ಆಗ್ತೈತ್ರಿ, ಮನ್ಯಾಗ ನಿಲ್ಲಾಕ ಆಗಂಗಿಲ್ರಿ."

ರೆಕಾರ್ಡಿಂಗ್ ಹಾಕಿದೆವು. ಆ ಮಾತು ಆದಮೇಲೆ ಅವರು ಸುಮ್ಮನಾಗುತ್ತಾರೆ. ಫ್ಯಾನಿನ ಕಿರಕಿರ ಮಾತ್ರ ಕೇಳಿಸುತ್ತೆ. ನಾಲ್ಕೇ ಸೆಕೆಂಡು, ಅಷ್ಟರಲ್ಲೇ ನನ್ನ ದನಿ: "ದಿನಾ ಸಂಜೆ ಅರ್ಧ ಗಂಟೆ ವಾಕಿಂಗ್ ಹೋಗಿ ಅಮ್ಮಾ." ಮೇಡಂ ಅಲ್ಲೇ ನಿಲ್ಲಿಸಿದರು. "ಅವರು ಸುಮ್ಮನಾದಾಗ ನಿಮಗೇನಾಯ್ತು?"

ನನಗೆ ಗಂಟಲು ಕಟ್ಟಿತು. ಅಪ್ಪ ಹೋದಮೇಲೆ ನಮ್ಮವ್ವನೂ ಹೀಗೇ ಸುಮ್ಮನೆ ಕೂರುತ್ತಿದ್ದಳು, ಆಗ ಏನಾದರೂ ಒಂದು ಮಾತಾಡಿ ಅವಳನ್ನು ಎಬ್ಬಿಸೋದೇ ಮನೆಯಲ್ಲಿ ನನ್ನ ಕೆಲಸ ಆಗಿತ್ತು. ಕೌಂಟರ್‌ಟ್ರಾನ್ಸ್‌ಫರೆನ್ಸ್ (ಕ್ಲೈಂಟ್ ಎದುರು ಕೂತಾಗ ಕೌನ್ಸೆಲರ್‌ನ ಸ್ವಂತ ಭಾವನೆಗಳು ಎದ್ದು ಬರೋದು) ಅಂತ ಪರೀಕ್ಷೆಗೆ ಓದಿದ್ದ ಪದವೇ ಅದು. ನನ್ನೊಳಗೇ ನಡೆಯುವಾಗ ಗುರುತು ಸಿಗಲಿಲ್ಲ. ಮೇಡಂ ಅವ್ವನ ವಿಷಯ ಕೆದಕಲಿಲ್ಲ. "ಅದನ್ನ ನಿಮ್ಮ ಸ್ವಂತ ಥೆರಪಿಸ್ಟ್ ಹತ್ತಿರ ಮಾತಾಡಿ. ಇಲ್ಲಿ ಆ ತಾಯಿಗೆ ಏನು ಬೇಕು ನೋಡೋಣ" ಅಂದರು. ಸೂಪರ್‌ವೈಸರ್ ಇಲ್ಲೇ ನಿಲ್ಲಬೇಕು, ನಮ್ಮ ಥೆರಪಿಸ್ಟ್ ಆಗಿಬಿಡಬಾರದು.

ಮುಂದಿನ ಸಲ ಅವರು ಸುಮ್ಮನಾದಾಗ ನಾನೂ ಸುಮ್ನೆ ಕೂತೆ. ತುಂಬಾ ಹೊತ್ತು. ಕೊನೆಗೆ ಅವರೇ ಅಂದರು: "ಅಳಾಕ ಮನ್ಯಾಗ ಜಾಗಾನ ಇಲ್ರಿ."

ಬ್ರಿಟನ್ನಿನ ಕೌನ್ಸೆಲರ್‌ಗಳ ಸಂಘ ಬಿಎಸಿಪಿ, ತನ್ನ ಅಕ್ರೆಡಿಟೇಶನ್ (ಮಾನ್ಯತೆ) ಪಡೆದು ವೃತ್ತಿಯಲ್ಲಿರುವ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಬೇಕೇ ಬೇಕು ಅನ್ನುತ್ತೆ, ಅನುಭವ ಎಷ್ಟೇ ಇರಲಿ. ನನಗಂತೂ ಕೋರ್ಸ್ ಮುಗಿದ ಮೇಲೆ ಹೀಗೆ ಕೇಳುವವರೇ ಇರಲಿಲ್ಲ. ಬೇಜಾರು ಜಾಸ್ತಿ ಆಗೋದು ಯಾಕೆ ಅಂದರೆ, ನಿಮ್ಹಾನ್ಸ್‌ನವರು 1985ರಲ್ಲಿ ಇದೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟು ಕೆಲಸ ಶುರು ಮಾಡಿದ್ದರು, ಅದೇ ಮಾದರಿ ಮುಂದೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಗಿ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಅಂಥ ಊರಲ್ಲಿ ಹೊಸ ಕೌನ್ಸೆಲರ್ ಒಬ್ಬಂಟಿಯಾಗಿ ಕೂರಬಾರದು.

ಸೂಪರ್‌ವೈಸರ್ ಹುಡುಕುವಾಗ ನಮ್ಮ ಕಡೆ ಕನ್ನಡ ಗೊತ್ತಿರೋರನ್ನೇ ಹುಡುಕಿ. "ಎದಿ ಮ್ಯಾಲ ಕಲ್ಲು" ಅನ್ನೋದನ್ನ ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ಅರ್ಧ ಕಳೆದುಹೋಗಿರುತ್ತೆ.

ಇದರ ಜೊತೆಗೆ ಕೊಪ್ಪಳದ ಒಬ್ಬರು, ರಾಯಚೂರಿನ ಒಬ್ಬರು, ನಾನು, ಮೂವರು ಕೌನ್ಸೆಲರ್‌ಗಳು ತಿಂಗಳಿಗೊಂದು ಭಾನುವಾರ ಫೋನಿನಲ್ಲಿ ಕೂತು ನಮ್ಮ ಸೆಷನ್‌ಗಳ ಬಗ್ಗೆ ಮಾತಾಡುತ್ತೇವೆ. ಕ್ಲೈಂಟ್ ಹೆಸರಷ್ಟೇ ಅಲ್ಲ, ಊರನ್ನೂ ಹೇಳೋದಿಲ್ಲ, ಯಾಕಂದರೆ ಇಲ್ಲಿ ಊರು ಹೇಳಿದರೆ ಯಾರ ಮನೆ ಅಂತ ಗೊತ್ತಾಗಿಬಿಡುತ್ತೆ. ಇನ್ನೂ ಇಬ್ಬರಿಗೆ ಜಾಗ ಇದೆ. ಬರುವುದಾದರೆ ಚೆನ್ನಾಗಿ ಹೋದ ಸೆಷನ್ ಬೇಡ, ಯಾರಿಗೂ ಹೇಳಬಾರದು ಅನ್ನಿಸಿದ ಸೆಷನ್ ತನ್ನಿ.