ಆರು ತಿಂಗಳು ನೋಡುವ

"ಆರು ತಿಂಗಳು ನೋಡುವ. ಆಗದಿದ್ರೆ ಕಳಿಸುವ."

ಭಾನುವಾರ ಸಂಜೆ ಮಂಗಳೂರಿನ ಕದ್ರಿಯ ಹೋಟೆಲಿನಲ್ಲಿ ಗೋಳಿಬಜೆ ಮುರಿಯುತ್ತಾ ಅಂಕಲ್ ಹೇಳಿದ ಮಾತು ಇದು. ಹೇಳಿ ಮುಗಿಸಿ ಇನ್ನೂ ಸ್ವಲ್ಪ ಚಟ್ನಿ ಕೇಳಿದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ನನ್ನ ತಲೆಯಿಂದ ಮಾತ್ರ ಈ ವಾರವಿಡೀ ಆ ಮಾತು ಹೋಗುತ್ತಿಲ್ಲ. ನಂತೂರು ಸರ್ಕಲ್ಲಿನ ಟ್ರಾಫಿಕ್‌ನಲ್ಲಿ ನಿಂತಾಗಲೂ ಅದೇ, ಆಫೀಸಿನಲ್ಲಿ ಊಟದ ಡಬ್ಬಿ ತೆರೆದಾಗಲೂ ಅದೇ.

ಮಾತು ಬಂದದ್ದು ಶೋರ್ಡ್ ಮರೈನ್ ಬಗ್ಗೆ. ಭಾರತದ ಮಹಿಳಾ ಹಾಕಿ ತಂಡಕ್ಕೆ, 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದನ್ನು ನಡೆಸಿದ್ದ ಅವರೇ ಮತ್ತೆ ಮುಖ್ಯ ಕೋಚ್. ಸುದ್ದಿ ಬಂದ ಕ್ಷಣದಿಂದ ನಮ್ಮ ಹಾಕಿ ಗುಂಪಿನವರ ಫೋನುಗಳಿಗೆ ಬಿಡುವೇ ಇಲ್ಲ. ಕರಾವಳಿಯಲ್ಲಿ ಹಾಕಿ ನೋಡುವವರು ಎಷ್ಟು ಜನ ಸಿಗುತ್ತಾರೆ ಹೇಳಿ? ಇಲ್ಲಿ ಕಬಡ್ಡಿ ಉಂಟು, ವಾಲಿಬಾಲ್ ಉಂಟು, ಕ್ರಿಕೆಟ್ ಅಂತೂ ಗದ್ದೆಗದ್ದೆಯಲ್ಲೂ ಉಂಟು. ಹಾಕಿ ಅಂದರೆ "ಅದು ಕೊಡಗಿನವರದ್ದು" ಅನ್ನುತ್ತಾರೆ. ಹಾಗಾಗಿ ಇರುವ ಕೆಲವೇ ಜನ ಒಬ್ಬರನ್ನೊಬ್ಬರು ಹುಡುಕಿಕೊಂಡು, ದೊಡ್ಡ ಮ್ಯಾಚ್ ಇದ್ದಾಗ ಬಿಜೈಯಲ್ಲಿ ಒಬ್ಬರ ಮನೆಯ ಟಿವಿ ಮುಂದೆ ಕೂರುತ್ತೇವೆ. ಮ್ಯಾಚ್ ಇಲ್ಲದಾಗ ಕದ್ರಿಯ ಹೋಟೆಲು.

ಅಂಕಲ್ ಕೊಡಗಿನವರೇ. ಬ್ಯಾಂಕಿಗೆ ಆಡಿದವರು, ಬ್ಯಾಂಕಿನಿಂದಲೇ ನಿವೃತ್ತರಾಗಿ ಕಂಕನಾಡಿಯಲ್ಲಿ ಮನೆ ಮಾಡಿದವರು. ಆಟ ಓದುವುದರಲ್ಲಿ ನಮ್ಮಲ್ಲಿ ಅವರಷ್ಟು ಚುರುಕು ಯಾರೂ ಇಲ್ಲ. ಟಿವಿಯಲ್ಲಿ ಕಾಮೆಂಟರಿಯವರು ಹೇಳುವ ಮೊದಲೇ "ನೋಡು, ಎಡಗಡೆ ಖಾಲಿ ಬಿಟ್ಟಿದ್ದಾರೆ" ಅನ್ನುತ್ತಾರೆ, ಅರ್ಧ ನಿಮಿಷದಲ್ಲಿ ಅಲ್ಲಿಂದಲೇ ಚೆಂಡು ಒಳಗೆ ಬರುತ್ತದೆ. ಇಂಥವರ ಬಾಯಿಂದ ಆರು ತಿಂಗಳ ಲೆಕ್ಕ ಬಂತಲ್ಲ, ನನಗೆ ತಡೆಯಲಾಗದ್ದು ಅದು. ಬೇರೆ ಯಾರಾದರೂ ಹೇಳಿದ್ದರೆ ಚಹಾ ಕುಡಿದು ಎದ್ದು ಬರುತ್ತಿದ್ದೆ.

ಆರು ತಿಂಗಳು ಅಂದರೆ ಏನು? ಈಗ 2026ರ ಜನವರಿ. ಮಾರ್ಚ್‌ನಲ್ಲಿ ಹೈದರಾಬಾದಿನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳು. ವಿಶ್ವಕಪ್ ಇರುವುದು ಆಗಸ್ಟ್‌ನಲ್ಲಿ, ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ. ಅಂದರೆ ಅಂಕಲ್ ಕೊಟ್ಟ ವಾಯಿದೆ ವಿಶ್ವಕಪ್‌ನ ಮೊದಲ ಸೀಟಿ ಊದುವ ಮೊದಲೇ ಮುಗಿದುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಜಪಾನಿನ ಏಷ್ಯನ್ ಗೇಮ್ಸ್ ಉಂಟು, ಅಲ್ಲಿ ಚಿನ್ನ ಗೆದ್ದರೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ನೇರ ಟಿಕೆಟ್. ನಿಜವಾದ ಪರೀಕ್ಷೆಗಳೆಲ್ಲ ಇರುವುದು ಆ ಆರು ತಿಂಗಳ ಆಚೆಗೆ. ಹಾಗಾದರೆ ಜೂನ್ ಕೊನೆಗೆ ಏನನ್ನು ನೋಡಿ "ಆಗಲಿಲ್ಲ" ಅನ್ನುವುದು?

ಇದನ್ನೇ ಅಂಕಲ್ ಹತ್ತಿರ ಕೇಳಿದೆ. "ಟೋಕಿಯೋದಲ್ಲಿ ಮಾಡಿ ತೋರಿಸಿದ್ದಾರಲ್ಲ ಮಾರಾಯ್ತಿ. ಗೊತ್ತಿರುವ ಕೆಲಸ. ಮತ್ತೆ ಮಾಡ್ಲಿಕ್ಕೆ ಎಷ್ಟು ಸಮಯ ಬೇಕು?" ಅಂದರು. ಮೇಜಿನ ಸುತ್ತ ಎಲ್ಲರೂ ತಲೆ ಆಡಿಸಿದರು. ನಮ್ಮಲ್ಲೊಬ್ಬ ಹುಡುಗ ಇದ್ದಾನೆ, ರ‍್ಯಾಂಕಿಂಗ್ ಬಾಯಿಪಾಠ ಮಾಡಿಕೊಂಡಿರುವವನು, ಒಂದೇ ಒಂದು ಮ್ಯಾಚ್ ಪೂರ್ತಿ ಕೂತು ನೋಡಿದ್ದನ್ನು ನಾನು ಕಂಡಿಲ್ಲ. ಅವನೂ ಆಡಿಸಿದ.

ಟೋಕಿಯೋದಲ್ಲಿ ಮಾಡಿ ತೋರಿಸಿದ್ದು ಹೌದು. ಹೇಗೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಬೇಕಲ್ವಾ?

ಮೊದಲ ಮ್ಯಾಚ್ ನೆದರ್ಲೆಂಡ್ಸ್ ವಿರುದ್ಧ 1-5. ಎರಡನೆಯದು ಜರ್ಮನಿ ವಿರುದ್ಧ 0-2. ಮೂರನೆಯದು ಬ್ರಿಟನ್ ವಿರುದ್ಧ 1-4. ಮೂರಕ್ಕೆ ಮೂರೂ ಸೋಲು. ಆ ದಿನಗಳಲ್ಲಿ ಮಹಿಳಾ ತಂಡದ ಹೆಸರು ಎತ್ತಿದರೆ ಜನ ಬೇರೆ ಮಾತು ತೆಗೆಯುತ್ತಿದ್ದರು. ನಾಲ್ಕನೆಯದು ಐರ್ಲೆಂಡ್. ಐವತ್ತೇಳನೇ ನಿಮಿಷದವರೆಗೂ 0-0. ಆಮೇಲೆ ನವನೀತ್ ಕೌರ್ ಗೋಲು. ಆಮೇಲೆ ದಕ್ಷಿಣ ಆಫ್ರಿಕಾ ವಿರುದ್ಧ 4-3, ವಂದನಾ ಕಟಾರಿಯಾ ಹ್ಯಾಟ್ರಿಕ್, ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳೆಯೊಬ್ಬರ ಮೊದಲ ಹ್ಯಾಟ್ರಿಕ್ ಅದು. ಅಷ್ಟಾದರೂ ಕ್ವಾರ್ಟರ್‌ಫೈನಲ್ ನಮ್ಮ ಕೈಯಲ್ಲಿ ಇರಲಿಲ್ಲ. ಆ ಸಂಜೆ ಬ್ರಿಟನ್ ಐರ್ಲೆಂಡಿಗೆ ಸೋಲಬಾರದಿತ್ತು. ಸೋಲಲಿಲ್ಲ, 2-0 ಗೆದ್ದಿತು. ಆಮೇಲೆ ಬಂದದ್ದು 2021ರ ಆಗಸ್ಟ್ 2ರ ಆ ಸೋಮವಾರ ಬೆಳಗ್ಗೆ. ಗುರ್ಜಿತ್ ಕೌರ್ ಪೆನಾಲ್ಟಿ ಕಾರ್ನರ್, ಆಸ್ಟ್ರೇಲಿಯಾ ಔಟ್, ಗೋಲಿನಲ್ಲಿ ಸವಿತಾ ಗೋಡೆಯ ಹಾಗೆ ನಿಂತದ್ದು, ಬೆಂಚಿನಲ್ಲಿ ಮರೈನ್ ಅತ್ತದ್ದು. ಮನೆಯಲ್ಲಿ ನಾನೂ ಅತ್ತಿದ್ದೆ, ಅಮ್ಮ ಏನಾಯಿತು ಅಂತ ಅಡುಗೆಮನೆಯಿಂದ ಓಡಿ ಬಂದಿದ್ದರು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ 1-2, ಕಂಚಿಗೆ ಬ್ರಿಟನ್ ವಿರುದ್ಧ 3-4. ನಾಲ್ಕನೇ ಸ್ಥಾನ. ಅದಕ್ಕಿಂತ ಮೇಲೆ ನಮ್ಮ ಹುಡುಗಿಯರು ಒಲಿಂಪಿಕ್ಸ್‌ನಲ್ಲಿ ಹೋಗಿಲ್ಲ.

ಬ್ರಿಟನ್ ಆ ಸಂಜೆ ಸೋತಿದ್ದರೆ? ಅದೇ ಕೋಚ್, ಅದೇ ಆಟ, ಅದೇ ಹುಡುಗಿಯರು. ಆದರೆ ಮರೈನ್ ಹೆಸರು ಇವತ್ತು ನಮ್ಮ ಮೇಜಿನ ಮೇಲೆ ಬರುತ್ತಲೇ ಇರಲಿಲ್ಲ. ಇನ್ನೂ ಹಿಂದಕ್ಕೆ ಹೋಗಿ. 2019ರ ನವೆಂಬರ್, ಭುವನೇಶ್ವರದಲ್ಲಿ ಅಮೆರಿಕ ವಿರುದ್ಧ ಎರಡು ಅರ್ಹತಾ ಪಂದ್ಯ. ಮೊದಲನೆಯದು 5-1 ಗೆದ್ದೆವು. ಎರಡನೆಯದರಲ್ಲಿ ಅರ್ಧ ಸಮಯಕ್ಕೆ 0-4. ರಾಣಿ ರಾಂಪಾಲ್ ಕೊನೆಯ ಕ್ವಾರ್ಟರ್‌ನಲ್ಲಿ ಹೊಡೆದ ಒಂದು ಗೋಲು ಇರದಿದ್ದರೆ ನಾವು ಟೋಕಿಯೋಗೆ ಹೋದೆವು ಅಂತ ಹೇಳುವ ಹಾಗೇ ಇರಲಿಲ್ಲ. ಒಟ್ಟು 6-5. ರಾಣಿಯ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು, ಆ ತಂಡ ಹೆದರಿದಾಗಲೆಲ್ಲ ಮುಂದೆ ಬಂದದ್ದು ಅವಳೇ.

ಇನ್ನೊಂದು ಒಂದು ಗೋಲಿನ ಕತೆ ಹೇಳುತ್ತೇನೆ. 2024ರ ಜನವರಿ, ರಾಂಚಿ. ಪ್ಯಾರಿಸ್‌ಗೆ ಹೋಗಲು ಜಪಾನನ್ನು ಸೋಲಿಸಬೇಕು. 0-1. ಪ್ಯಾರಿಸ್ ಹೋಯಿತು. ಮುಂದಿನ ತಿಂಗಳು ಕೋಚ್ ಯಾನೆಕ್ ಶಾಪ್‌ಮನ್ ಕೂಡ ಹೋದರು. 2022ರಲ್ಲಿ ಕಾಮನ್‌ವೆಲ್ತ್ ಕಂಚು, ಅದೇ ವರ್ಷ ನೇಷನ್ಸ್ ಕಪ್, 2023ರಲ್ಲಿ ಏಷ್ಯನ್ ಗೇಮ್ಸ್ ಕಂಚು, ಇವೆಲ್ಲ ಅವರ ಕಾಲದ್ದೇ. ರಾಂಚಿಯ ಆ ರಾತ್ರಿಯ ನಂತರ ಅದನ್ನು ಯಾರೂ ಎಣಿಸಲಿಲ್ಲ. ಅವರ ನಂತರ ಹರೇಂದ್ರ ಸಿಂಗ್ ಬಂದರು. 2024ರ ನವೆಂಬರ್‌ನಲ್ಲಿ ರಾಜಗೀರ್‌ನಲ್ಲಿ ಚೀನಾವನ್ನು 1-0 ಸೋಲಿಸಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದಾಗ ಅವರೇ ದೇವರು. ಆಮೇಲೆ ಪ್ರೊ ಲೀಗ್‌ನಲ್ಲಿ ತಂಡ ಕೊನೆಯ ಸ್ಥಾನಕ್ಕೆ ಬಿದ್ದು ಹೊರಬಂತು, ಏಷ್ಯಾ ಕಪ್ ಫೈನಲ್‌ನಲ್ಲಿ ಅದೇ ಚೀನಾ ವಿರುದ್ಧ 1-4. 2025ರ ಡಿಸೆಂಬರ್‌ನಲ್ಲಿ ಹರೇಂದ್ರ ಬಿಟ್ಟರು.

2018ರಲ್ಲೂ ಮರೈನ್, ಹರೇಂದ್ರ ಇಬ್ಬರದೇ ಕತೆ. ಆಗ ಮರೈನ್ ಪುರುಷರ ತಂಡದಲ್ಲಿದ್ದರು, ಹರೇಂದ್ರ ಮಹಿಳೆಯರ ತಂಡದಲ್ಲಿ. ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಪುರುಷರು ಪದಕ ಇಲ್ಲದೆ ಬಂದಾಗ ಇಬ್ಬರ ಕುರ್ಚಿಯನ್ನು ಅದಲು ಬದಲು ಮಾಡಿದರು. ಆ ವರ್ಷದ ಕೊನೆಗೆ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 1-2 ಸೋತದ್ದಕ್ಕೆ ಮುಂದಿನ ಜನವರಿಯಲ್ಲಿ ಹರೇಂದ್ರಗೆ ಬಾಗಿಲು ತೋರಿಸಿದರು. ಪುರುಷರ ತಂಡದಲ್ಲಿ 2013ರಿಂದ 2018ರ ಒಳಗೆ ಐದು ಕೋಚ್: ವಾಲ್ಶ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ. ಮದುವೆಯ ಊಟಕ್ಕೆ ಸಾರು ಸರಿಯಾಗಲಿಲ್ಲ ಅಂತ ಪ್ರತಿ ಸಲ ಭಟ್ಟರನ್ನೇ ಬದಲಿಸುತ್ತಾ ಹೋದ ಹಾಗೆ. ತರಕಾರಿ ಎಲ್ಲಿಂದ ಬಂತು, ಸೌದೆ ಒಣಗಿತ್ತಾ, ಯಾರೂ ಕೇಳುವುದಿಲ್ಲ.

ನನಗೆ ಇದು ಇಷ್ಟು ತಾಗುವುದಕ್ಕೆ ಕಾರಣ ಉಂಟು. ಉಡುಪಿ ಕಡೆಯ ಶಾಲೆಯಲ್ಲಿ ನಾವು ಹುಡುಗಿಯರು ಹಾಕಿ ಆಡುತ್ತಿದ್ದೆವು. ಮಣ್ಣಿನ ಮೈದಾನ, ಮಳೆಗಾಲದಲ್ಲಿ ಚೆಂಡು ಉರುಳುವುದೇ ಇಲ್ಲ. ಹೊಸ ಪಿಟಿ ಸರ್ ಬಂದರು. ಬಂದ ಕೂಡಲೇ ಎಲ್ಲರ ಜಾಗ ಬದಲಿಸಿದರು. ಮುಂದೆ ಆಡುತ್ತಿದ್ದ ನನ್ನನ್ನು ಹಿಂದೆ ನಿಲ್ಲಿಸಿ "ನಿನಗೆ ಆಟ ಕಾಣ್ತದೆ, ಓಟ ಇಲ್ಲ" ಅಂದರು. ಒಂದು ತಿಂಗಳು ಬರೀ ನಿಲ್ಲುವುದು, ತಿರುಗುವುದು, ಚೆಂಡು ತಡೆಯುವುದು. ಆ ವರ್ಷ ತಾಲೂಕು ಮಟ್ಟದಲ್ಲಿ ಮೊದಲ ಮ್ಯಾಚಿನಲ್ಲೇ ಸೋತೆವು. ಮನೆಯವರಿಗೆ ಸಿಟ್ಟು, ಶಾಲೆಯವರಿಗೆ ಬೇಸರ. ಮುಂದಿನ ವರ್ಷ ಸರ್ ಇರಲಿಲ್ಲ. ಬಂದ ಬೇರೆಯವರಿಗೆ ಹಾಕಿ ಗೊತ್ತಿರಲಿಲ್ಲ, ಸ್ಟಿಕ್ಕುಗಳು ಸ್ಟೋರ್ ರೂಮಿಗೆ ಹೋದವು, ನಾವು ಥ್ರೋಬಾಲ್ ಆಡಿದೆವು. ಆ ಸರ್ ಕಲಿಸಿದ್ದು ಏನು ಅಂತ ನನಗೆ ಗೊತ್ತಾದದ್ದು ಕಾಲೇಜಿನಲ್ಲಿ, ಕೊಡಗಿನ ಹುಡುಗಿಯರ ಜೊತೆ ಆಡಿದಾಗ. ಅವರು ಎಷ್ಟು ಜೋರಾಗಿ ಬಂದರೂ ನನ್ನ ಕಾಲು ತಾನಾಗಿ ಸರಿಯಾದ ಕಡೆಗೆ ತಿರುಗುತ್ತಿತ್ತು. ಇನ್ನೊಂದು ವರ್ಷ ಅವರನ್ನು ಇಟ್ಟುಕೊಂಡಿದ್ದರೆ ನಮ್ಮಲ್ಲಿ ಯಾರಾದರೂ ಒಬ್ಬಳು ಎಲ್ಲಿಗಾದರೂ ಹೋಗುತ್ತಿದ್ದಳು. ಇದನ್ನು ನಾನು ಈಗಲೂ ನಂಬುತ್ತೇನೆ.

ಅಂಕಲ್‌ಗೆ ಇದನ್ನೆಲ್ಲ ಹೇಳಲಿಲ್ಲ. ಅವರಿಗೆ ಬೇರೆಯೇ ಪ್ರಶ್ನೆ ಕೇಳಿದೆ. ಕೊಡವ ಕುಟುಂಬಗಳ ಹಾಕಿ ಹಬ್ಬ ಇದೆಯಲ್ಲ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು, ಅಂಕಲ್ ಪ್ರತಿ ಬೇಸಿಗೆ ಅದಕ್ಕೆ ಊರಿಗೆ ಹೋಗುತ್ತಾರೆ. ಅವರ ಒಕ್ಕದ, ಅಂದರೆ ಕುಟುಂಬದ, ತಂಡ ಮೊದಲ ಸುತ್ತಿನಲ್ಲೇ ಸೋತು ಬರುವುದು ನಮಗೆಲ್ಲ ಗೊತ್ತು, ಅವರೇ ಹೇಳುತ್ತಾರೆ. "ಅಲ್ಲಿ ಯಾರನ್ನು ಕಳಿಸಿದ್ದೀರಿ ಅಂಕಲ್?"

"ಅದು ನಮ್ಮವರು" ಅಂದರು, ಒಂದು ಕ್ಷಣವೂ ಯೋಚಿಸದೆ.

"ಇವರು?"

"ಹುಡುಗಿಯರು ನಮ್ಮವರೇ. ಕೋಚ್‌ಗೆ ಸಂಬಳ ಕೊಡ್ತೇವಲ್ಲ."

ಮೇಜಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಅದರಲ್ಲಿ ಅವರು ಒಂದು ನಿಜ ಹೇಳಿಬಿಟ್ಟಿದ್ದರು. ಹುಡುಗಿಯರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಜಾರ್ಖಂಡಿನ ಹಳ್ಳಿಯಿಂದ ಬಂದ ಸಲೀಮಾ ಟೇಟೆಯನ್ನು ಬೈಯಲು ಯಾರಿಗೆ ಬಾಯಿ ಬರುತ್ತದೆ? ಆಟದ ಸಂಸ್ಥೆಯವರ ಮೇಲೆ ಸಿಟ್ಟು ಮಾಡಿಕೊಂಡರೆ ಅದು ಯಾರಿಗೂ ತಲುಪುವುದಿಲ್ಲ. ಉಳಿಯುವುದು ಒಬ್ಬರೇ, ಹೊರಗಿನಿಂದ ಬಂದ, ಸಂಬಳ ಪಡೆಯುವ, ಬೆಂಚಿನ ಪಕ್ಕ ನಿಂತಿರುವ ಮನುಷ್ಯ. ಅಭಿಮಾನಿಗಳ ದುಃಖ ಇಳಿಸಲು ಒಂದು ಜಾಗ ಬೇಕು, ಅದಕ್ಕೇ ಅವರನ್ನು ಇಟ್ಟುಕೊಳ್ಳುತ್ತೇವೆ ಅನಿಸಿತು. ಅಂಕಲ್ ರಾಂಚಿಯ ಸೋಲಿನ ನಂತರ ತಿಂಗಳುಗಟ್ಟಲೆ ನಮ್ಮ ಜೊತೆ ಕೂತು ಮ್ಯಾಚ್ ನೋಡಿರಲಿಲ್ಲ. ಕರೆದರೆ ಬಿಪಿ ಅನ್ನುತ್ತಿದ್ದರು. ಆರು ತಿಂಗಳು ಅನ್ನುವವರ ಸಹನೆ ಕಡಿಮೆ ಅಂತ ನಾನು ಹೇಳಲಾರೆ. ಇನ್ನೊಂದು ರಾಂಚಿಯನ್ನು ತಡೆದುಕೊಳ್ಳುವ ಶಕ್ತಿ ಅವರಲ್ಲಿ ಉಳಿದಿಲ್ಲ, ಅಷ್ಟೇ. ಒಳ್ಳೆಯ ಮನುಷ್ಯ ಅವರು. ಆದರೂ ಅವರ ಮಾತು ತಪ್ಪು.

ಮರೈನ್‌ನಿಂದ ಜನ ಕೇಳುತ್ತಿರುವುದು ತಂಡವನ್ನಲ್ಲ, ಆ ಆಗಸ್ಟ್ ಬೆಳಗನ್ನು. ಆ ತಂಡ ಈಗ ಇಲ್ಲ. ರಾಣಿ 2024ರಲ್ಲಿ, ವಂದನಾ 2025ರಲ್ಲಿ ನಿವೃತ್ತಿ ಹೇಳಿದರು. ಆ ತಂಡದ ಜೊತೆ ಮರೈನ್ ಮೂರು ವರ್ಷಕ್ಕೂ ಜಾಸ್ತಿ ಇದ್ದರು, ಲಾಕ್‌ಡೌನ್ ಶುರುವಾದಾಗ ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕ್ಯಾಂಪಸ್ಸಿನಲ್ಲೇ ಹುಡುಗಿಯರ ಜೊತೆ ತಿಂಗಳುಗಟ್ಟಲೆ ಉಳಿದರು. ಅಷ್ಟು ಹೊತ್ತು ಒಟ್ಟಿಗೆ ಇದ್ದದ್ದರಿಂದಲೇ ಮೂರು ಸೋಲಿನ ನಂತರವೂ ಒಡೆಯದ ತಂಡ ಹುಟ್ಟಿತು ಅಂತ ನನ್ನ ನಂಬಿಕೆ. ಈಗ ಅವರ ಕೈಗೆ ಸಿಕ್ಕಿರುವುದು ಅರ್ಧ ಹೊಸ ತಂಡ, ಮಾರ್ಚ್‌ಗೆ ಎರಡು ತಿಂಗಳು.

ನನಗೂ ನಿರೀಕ್ಷೆ ಇಲ್ಲದೆ ಇಲ್ಲ. ತುಂಬಾ ಇದೆ. ಹೈದರಾಬಾದಿನಲ್ಲಿ ಅರ್ಹತೆ ಸಿಗಲೇಬೇಕು. ಪೆನಾಲ್ಟಿ ಕಾರ್ನರ್‌ಗೆ ದೀಪಿಕಾ ಒಬ್ಬಳ ಮೇಲೆ ಭಾರ ಹಾಕದೆ ಇನ್ನೊಬ್ಬಳನ್ನು ತಯಾರು ಮಾಡಬೇಕು. ಏಷ್ಯಾ ಕಪ್‌ನಲ್ಲಿ ಅವಳೂ ಸವಿತಾಳೂ ಗಾಯದಿಂದ ಇಲ್ಲದಾಗ ಎಷ್ಟು ಕಷ್ಟ ಆಯಿತು ಅಂತ ನೋಡಿದ್ದೇವಲ್ಲ. ಸವಿತಾ ನಂತರದ ಗೋಲ್‌ಕೀಪರ್‌ಗೆ ದೊಡ್ಡ ಮ್ಯಾಚ್ ಆಡಿಸುವ ಧೈರ್ಯ ಮಾಡಬೇಕು, ಆ ಹುಡುಗಿ ಎರಡು ಗೋಲು ಬಿಟ್ಟರೂ ಮುಂದಿನ ಮ್ಯಾಚಿಗೆ ಅವಳನ್ನೇ ನಿಲ್ಲಿಸಬೇಕು. ಕೊನೆಯ ಐದು ನಿಮಿಷದಲ್ಲಿ ಎಲ್ಲರೂ ಹಿಂದಕ್ಕೆ ಬಂದು ಗುಂಪಾಗುವ ಅಭ್ಯಾಸ ಬಿಡಿಸಬೇಕು. ಇಷ್ಟು ಕೇಳುತ್ತೇನೆ. ಯಾವ ತಾರೀಖಿನ ಒಳಗೆ ಅಂತ ಕೇಳುವುದಿಲ್ಲ. ಕೇಳುವುದಾದರೆ 2028 ಅನ್ನುತ್ತೇನೆ.

ನಾವು ಮೂವರು ಮಾರ್ಚ್‌ನಲ್ಲಿ ಹೈದರಾಬಾದಿಗೆ ಹೋಗುವ ಅಂತ ನಿನ್ನೆ ಮಾತಾಡಿಕೊಂಡೆವು. ಅಂಕಲ್‌ಗೂ ಫೋನ್ ಮಾಡಿದೆ. ಬರುವುದಿಲ್ಲ ಅಂದರು, ಮೈದಾನದಲ್ಲಿ ಕೂತು ನೋಡಲು ತನ್ನಿಂದ ಆಗದಂತೆ. ಪ್ರತಿ ಕ್ವಾರ್ಟರ್ ಮುಗಿದ ಕೂಡಲೇ ಸ್ಕೋರ್ ಹೇಳಬೇಕಂತೆ. ಹೇಳುತ್ತೇನೆ ಅಂದೆ. "ಸೋತರೆ ಬೈಯಿರಿ ಅಂಕಲ್, ಆದರೆ ಕಳಿಸುವ ಮಾತು ಬೇಡ" ಅಂತಲೂ ಅಂದೆ. "ಅದು ನೋಡುವ" ಅಂದರು.