ಜಾನಿ ಕ್ಯಾಶ್ ಪಕ್ಕದಲ್ಲಿ ಉದ್ದಕೂದಲಿನ ಹುಡುಗ

ಆಗಸ್ಟ್ 16, 2025, ಶನಿವಾರ
ಡಲ್ಲಾಸ್

ಬಿಸಿಲಿಗೆ ಹೆದರಿ ಇವತ್ತು ಮನೆ ಬಿಟ್ಟು ಕದಲಲಿಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಎರಡು ಡಾಲರಿಗೆ ಸಿಕ್ಕಿದ್ದ ಎಲ್‌ಪಿ ಗ್ರಾಮಫೋನ್ ತಟ್ಟೆಯನ್ನು ಕೊನೆಗೂ ಹಾಕಿದೆ. ಹೆಸರು ‘ಜೀಸಸ್ ಸೌಂಡ್ ಎಕ್ಸ್‌ಪ್ಲೋಷನ್’. ರಟ್ಟಿನ ಮೂಲೆ ನೀರು ಕುಡಿದು ಉಬ್ಬಿದೆ, ತಟ್ಟೆ ಮಾತ್ರ ಪರವಾಗಿಲ್ಲ. ಹೆಸರು ಓದಿ ನಮ್ಮನೆಯವರು, “ಏನೇ ಇದು, ನಾಳೆಯಿಂದ ಚರ್ಚಾ?” ಅಂದರು. “ಜಾನಿ ಕ್ಯಾಶ್ ಇದಾನೆ ರೀ” ಅಂದೆ. ಅಮೆರಿಕದ ಆ ಕಂಟ್ರಿ ಗಾಯಕನ ಹೆಸರು ಕೇಳಿ ಕಾಫಿ ಲೋಟ ಹಿಡಿದು ಬಂದು ಕೂತರು.

1972ರ ಜೂನ್ 12ರಿಂದ 17ರವರೆಗೆ ಇದೇ ಊರಲ್ಲಿ ‘ಎಕ್ಸ್‌ಪ್ಲೋ 72’ ಅಂತ ದೊಡ್ಡ ಕ್ರೈಸ್ತ ಸಮಾವೇಶ ನಡೆದಿತ್ತು. ಅಲ್ಲಿ ಹಾಡಿದವರ ಹಾಡುಗಳೇ ಈ ತಟ್ಟೆಯಲ್ಲಿರುವುದು. ಸಮಾವೇಶ ನಡೆಸಿದ್ದು ಬಿಲ್ ಬ್ರೈಟ್ ಕಟ್ಟಿದ, ಕಾಲೇಜು ಮಕ್ಕಳಲ್ಲಿ ಧರ್ಮಪ್ರಚಾರ ಮಾಡುವ ಕ್ಯಾಂಪಸ್ ಕ್ರುಸೇಡ್ ಸಂಸ್ಥೆ. ಹಗಲು ಹೊತ್ತು, ಗುರುತಿಲ್ಲದವರ ಬಾಗಿಲು ತಟ್ಟಿ ಯೇಸುವಿನ ಮಾತು ಹೇಳುವುದು ಹೇಗೆ ಅಂತ ತರಬೇತಿ. ಸಂಜೆ ಕಾಟನ್ ಬೌಲ್ ಸ್ಟೇಡಿಯಂನಲ್ಲಿ ಹೆಸರಾಂತ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಭಾಷಣ. ಸೇರಿದ್ದವರು ಸುಮಾರು 80,000, ಅದರಲ್ಲಿ ಮುಕ್ಕಾಲುಪಾಲು ಹೈಸ್ಕೂಲು, ಕಾಲೇಜಿನ ಮಕ್ಕಳೇ. ಕೊನೆಯ ಶನಿವಾರ ಡೌನ್‌ಟೌನ್ ಪಕ್ಕ, ವುಡಾಲ್ ರಾಜರ್ಸ್ ಹೆದ್ದಾರಿಗಾಗಿ ತೆರವು ಮಾಡಿದ್ದ ಬಯಲಲ್ಲಿ ಬೆಳಗಿನಿಂದ ಹಾಡು. ಆ ದಿನ ಲಕ್ಷದ ಮೇಲೆ ಜನ ಅಂತ ಅಂದಾಜು. ಊರಿಂದ ಬಂದ ನೆಂಟರನ್ನೆಲ್ಲ ನಾವು ಕರೆದೊಯ್ಯುವ ಕ್ಲೈಡ್ ವಾರೆನ್ ಪಾರ್ಕ್ ಈಗ ಅದೇ ಹೆದ್ದಾರಿಯ ಒಂದು ತುಂಡಿನ ನೆತ್ತಿಯ ಮೇಲಿದೆ.

ಆಲ್ಬಂ ಅಂತ ನೋಡಿದರೆ ಇದು ಅಷ್ಟಕ್ಕಷ್ಟೇ. ಊರಹಬ್ಬದ ಆರ್ಕೆಸ್ಟ್ರಾ ಥರ, ಒಬ್ಬರ ಕಂಠ ಹದಕ್ಕೆ ಬಂತು ಅನ್ನುವಷ್ಟರಲ್ಲಿ ಮೈಕು ಇನ್ನೊಬ್ಬರ ಕೈಗೆ. ಕ್ಯಾಲಿಫೋರ್ನಿಯಾದ ಲವ್ ಸಾಂಗ್ ತಂಡದ ಹುಡುಗರು ದನಿಗೆ ದನಿ ಸೇರಿಸುವ ಚೆಂದಕ್ಕೆ ಮಾತ್ರ ನಾನು ಸೂಜಿ ಎತ್ತಿ ಮತ್ತೆ ಇಟ್ಟೆ.

ಆದರೆ ಯಾರ ಪಕ್ಕ ಯಾರು ನಿಂತಿದ್ದಾರೆ ನೋಡಿ. ಕ್ಯಾಶ್ ಅಂದರೆ ಹಿಂದಿನ ವರ್ಷದವರೆಗೂ ಎಬಿಸಿ ಚಾನೆಲ್‌ನಲ್ಲಿ ಸ್ವಂತ ಕಾರ್ಯಕ್ರಮ ನಡೆಸಿದ್ದವನು, ಅಪ್ಪ ಅಮ್ಮಂದಿರೂ ಒಪ್ಪಿದ್ದ ಗಾಯಕ. ಅವನಿದ್ದ ವೇದಿಕೆಗೇ ಲ್ಯಾರಿ ನಾರ್ಮನ್: ಭುಜ ದಾಟಿದ ಹೊಂಬಣ್ಣದ ಕೂದಲು, ಅಪ್ಪಟ ರಾಕ್. ರಾಕ್ ಸಂಗೀತವೇ ಸೈತಾನನದು ಅಂತ ಎಷ್ಟೋ ಪಾದ್ರಿಗಳು ಗುಡುಗುತ್ತಿದ್ದ ಕಾಲ. ಬಿಲ್ಲಿ ಗ್ರಹಾಂ ಅಂಥವರೇ ಬಂದು ನಿಂತ ಮೇಲೆ ಮನೆಯ ಹಿರಿಯರು ಗಿಟಾರಿಗೆ ಬೇಡ ಅನ್ನುವುದು ಹೇಗೆ? ಬಹುಪಾಲು ಬಿಳಿಯರೇ ತುಂಬಿದ್ದ ಆ ಸಭೆಯಲ್ಲಿ ಆಂಡ್ರೇ ಕ್ರೌಚ್ ತಂಡದ ಕರಿಯರ ಗಾಸ್ಪೆಲ್ ಭಕ್ತಿಗೀತೆ ಕೂಡ ಇತ್ತು. ಮುಂದೆ ಕೋಟಿಗಟ್ಟಲೆ ದುಡ್ಡು ಮಾಡಿದ ಕ್ರೈಸ್ತ ಪಾಪ್ ಉದ್ಯಮಕ್ಕೆ ಹಿರಿಯರ ಅಪ್ಪಣೆ ಸಿಕ್ಕಿದ್ದು ಇಂಥ ಕಡೆಯೇ ಅಂತ ನನ್ನ ಲೆಕ್ಕ.

ನಾರ್ಮನ್ ಅದೇ ವರ್ಷ ಲಂಡನ್ನಿನ ಸ್ಟುಡಿಯೋದಲ್ಲಿ ಮಾಡಿದ ‘ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್’ ಆಲ್ಬಂ, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡುವ ಧ್ವನಿಮುದ್ರಣಗಳ 2013ರ ಪಟ್ಟಿ ಸೇರಿತು. ಈ ಎಲ್‌ಪಿ ಎರಡು ಡಾಲರಿನ ಡಬ್ಬದಲ್ಲಿ.

ಈ ತಟ್ಟೆಯಲ್ಲಿ ಇಲ್ಲದ ಇನ್ನೊಂದು ಸದ್ದು ಆ ವಾರ ಕೇಳಿತ್ತು. ಸ್ಟೇಡಿಯಂನಲ್ಲಿ ಸೈನಿಕರಿಗೆ ಗೌರವ ಸಲ್ಲಿಸುವಾಗ ಕ್ರೈಸ್ತ ಯುವಕರದೇ ಒಂದು ಸಣ್ಣ ಗುಂಪು ಬ್ಯಾನರ್ ಬಿಚ್ಚಿ, ವಿಯೆಟ್ನಾಂ ಯುದ್ಧ ನಿಲ್ಲಿಸಿ ಅಂತ ಕೂಗಿತು. ನಮ್ಮನೆಯವರಿಗೆ ಹೇಳಿದೆ. “ಹಾಡಿನ ತಟ್ಟೆಯಲ್ಲಿ ಘೋಷಣೆ ಯಾಕೆ?” ಅಂದರು. ಚಪ್ಪಾಳೆ ಇರಬಹುದಾದರೆ ಅದೂ ಅರ್ಧ ನಿಮಿಷ ಇರಬಹುದಿತ್ತು ಅಂತ ನನ್ನ ವಾದ. ಅವರು ಒಪ್ಪಲಿಲ್ಲ. ಕ್ಯಾಶ್‌ನ ಹಾಡು ಇನ್ನೊಂದು ಸಲ ಹಾಕು ಅಂದರು.