ಪಾಡ್ ಹೋಯ್ತು, ಲಾಗೂ ಹೋಯ್ತು

ಬೆಳಗ್ಗೆ ಎದ್ದು ಲಾಗ್, ಅಂದರೆ ಆ್ಯಪ್ ಸಾಲು ಸಾಲಾಗಿ ಬರೆದಿಡೋ ದಿನಚರಿ, ನೋಡೋಣ ಅಂತ ಕೂತರೆ ಪಾಡೇ ಇಲ್ಲ. ಪಾಡ್ ಅಂದರೆ ಆ್ಯಪ್‌ನ ಕಂಟೇನರ್ ಓಡೋ ಗೂಡು.

ರಾತ್ರಿ ಅದು ಓಡ್ತಿದ್ದ ಯಂತ್ರದಲ್ಲಿ, ಅಂದರೆ ನೋಡ್‌ನಲ್ಲಿ ಮೆಮೊರಿ ಸಾಲದೆ ಪಾಡ್‌ಗಳನ್ನು ನಡೆಸೋ ಕುಬರ್ನೆಟಿಸ್ ಅದನ್ನು ಎತ್ತಂಗಡಿ ಮಾಡಿದೆ. ಬೇರೆ ನೋಡ್‌ನಲ್ಲಿ ಹೊಸದು ಎದ್ದು ಕೂತಿದೆ, ಏನೂ ಆಗಿಲ್ಲ ಅನ್ನೋ ಹಾಗೆ. ಹಿಂದಿನ ಲಾಗ್ ಕೊಡು ಅಂತ 'ಪ್ರೀವಿಯಸ್' ಹಾಕಿ ಕೇಳಿದೆ. ಅದೇ ಪಾಡ್ ಒಳಗೆ ಕಂಟೇನರ್ ಸತ್ತು ಎದ್ದಿದ್ದರೆ ಮಾತ್ರ ಅದಕ್ಕೆ ನೆನಪು. ಇಲ್ಲಿ ಪಾಡೇ ಬೇರೆ.

ತಲೆ ಕೆಟ್ಟು ಜಗಲಿಗೆ ಬಂದೆ. ತೀರ್ಥಹಳ್ಳಿಯ ಮಳೆ ಗೊತ್ತಲ್ವಾ, ಬಿಟ್ಟಿರಲಿಲ್ಲ. ಅಪ್ಪ ಕಂಬಳಿಕೊಪ್ಪೆ ಹೊದ್ದು ಅಂಗಳದಲ್ಲಿ ಮಳೆ ಮಾಪಕದ ಮುಂದೆ ಬಗ್ಗಿದ್ದರು. ಅಳತೆ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕನ್ನಡಕದ ನೀರು ಒರೆಸಿ, ಇನ್ನೊಮ್ಮೆ ನೋಡಿ, ಒಳಗೆ ಬಂದು ಡೈರಿಯಲ್ಲಿ ಬರೆದರು: 84. ಆಮೇಲೇ ನೀರು ಚೆಲ್ಲಿದ್ದು.

ಮೊದಲೇ ಚೆಲ್ಲಿದರೆ ಏನಂತ ಬರೀತೀಯೋ, ಅಂದರು. ನನಗೇ ಹೇಳಿದ ಹಾಗಿತ್ತು.

ಮಧ್ಯಾಹ್ನ ಕೂತು ಲಾಗ್ ಓದಿ ಬೇರೆಡೆಗೆ ಕಳಿಸೋ ಫ್ಲುಯೆಂಟ್ ಬಿಟ್ ಹಾಕಿದೆ. ಡೀಮನ್‌ಸೆಟ್ ಆಗಿ, ನೋಡ್‌ಗೆ ಒಂದರಂತೆ. ಕಂಟೇನರ್ ಬರೆದ ಸಾಲನ್ನು ಬರೆದ ಹಾಗೇ ಓದಿ, ಕ್ಲಸ್ಟರ್ (ಈ ನೋಡ್‌ಗಳ ಗುಂಪು) ಹೊರಗೆ ಲಾಗ್ ಕೂಡಿಡೋ ಲೋಕಿಗೆ ಕಳಿಸುತ್ತೆ. ಲೋಕಿ ಸ್ವಲ್ಪ ಹೊತ್ತು ಸಿಗದಿದ್ದರೆ? ಸುಮ್ನೆ ಬಿಟ್ಟರೆ ಬಫರ್ (ಕಳಿಸೋಕೆ ಕಾದಿರೋ ಸಾಲುಗಳು) ಮೆಮೊರಿಯಲ್ಲೇ ಇರುತ್ತೆ, ಫ್ಲುಯೆಂಟ್ ಬಿಟ್ಟೇ ರೀಸ್ಟಾರ್ಟ್ ಆದರೆ ಮುಗೀತು. ಡಿಸ್ಕ್‌ಗೆ ಬದಲಾಯಿಸಿದೆ.

ಪ್ರತಿ ನೋಡ್‌ನಲ್ಲೂ ಪಾಡ್‌ಗಳನ್ನು ನೋಡಿಕೊಳ್ಳೋ ಕುಬೆಲೆಟ್ ಕೂಡ, ನಾವಾಗಿ ಬದಲಿಸದಿದ್ದರೆ, ಕಂಟೇನರ್‌ಗೆ 10 ಎಂಬಿಯ 5 ಲಾಗ್ ಫೈಲ್ ಅಷ್ಟೇ ಇಟ್ಟುಕೊಳ್ಳುವುದು. ಗಲಾಟೆ ಜಾಸ್ತಿ ಮಾಡೋ ಆ್ಯಪ್‌ಗೆ ಅದು ಎಲ್ಲಿ ಸಾಕು.

ಸಂಜೆ ಬೇಕಂತಲೇ ಒಂದು ಪಾಡ್ ಅಳಿಸಿದೆ. ಅದರ ಕೊನೆಯ ಸಾಲು ಲೋಕಿಯಲ್ಲಿ ಕಂಡಿತು.

ಅಷ್ಟರಲ್ಲಿ ಕರೆಂಟ್ ಹೋಯ್ತು.